ಲಂಕೆಗೆ ಹೋದ ಕುರ್ಚಿ

ಮಧುಗಿರಿ

ಪರದೇಶಕ್ಕೆ ಹೋಗುವವರು ಚಕ್ಕುಲಿ, ಉಪ್ಪಿನಕಾಯಿ, ರಾಗಿ ಹಿಟ್ಟು ಕಟ್ಟಿಕೊಂಡು ಹೋಗುತ್ತಾರೆ. ನಾವೂ ಕಟ್ಟಿಕೊಂಡೆವು. ಅದರ ಜೊತೆಗೆ ಒಂದು ಕಬ್ಬಿಣದ ಮಡಚುವ ಕುರ್ಚಿಯನ್ನೂ ಹೊತ್ತುಕೊಂಡು ಹೋದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು ಇದು. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಹೊತ್ತವರಿಗೆ ಗೊತ್ತು ಅದರ ಭಾರ.

ನಮ್ಮ ಯಜಮಾನರದು ಮಧುಗಿರಿಯ ಪೇಟೆಬೀದಿಯಲ್ಲಿ ಫೋಟೋ ಸ್ಟುಡಿಯೋ. ಕೊರಟಗೆರೆಯಿಂದ ಪಾವಗಡದವರೆಗೆ ಯಾರ ಮನೆಯ ಮದುವೆಯಾದರೂ ಇವರೇ ಹೋಗಬೇಕು. ಇವರ ಫೋಟೋಗಳಿಗೆ ಒಂದು ಕಟ್ಟಳೆ ಇತ್ತು. ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಅವರ ಹಿಂದೆ, ಸೊಸೆಯರು ಪಕ್ಕದಲ್ಲಿ, ಕೂಸು ಮಡಿಲಲ್ಲಿ. ಎಲ್ಲರ ಕೈಕಾಲು ಪೂರ್ತಿ ಕಾಣಬೇಕು. ಹಿರಿಯರನ್ನು ನಿಲ್ಲಿಸಿ ತೆಗೆದ ಫೋಟೋ ಗೋಡೆಗೆ ಹಾಕಿದರೆ ಬಂದ ನೆಂಟರು ಸುಮ್ಮನಿರುತ್ತಾರೆಯೇ? "ಯಾಕೆ, ಮನೇಲಿ ಒಂದು ಕುರ್ಚಿನೂ ಗತಿ ಇರ್ಲಿಲ್ವಾ" ಎಂದು ಕೇಳಿಯೇ ಕೇಳುತ್ತಾರೆ.

ಸ್ಟುಡಿಯೋಗೂ ಅದರ ಹಿಂದಿನ ನಮ್ಮ ಮನೆಗೂ ನಡುವೆ ಇದ್ದ ಕತ್ತಲೆ ಕೋಣೆ ನನ್ನದು. ಫಿಲಂ ತೊಳೆಯುವುದು, ಪ್ರಿಂಟ್ ಹಾಕುವುದು, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮದುಮಗಳ ಮೊಡವೆ ಮರೆಸುವುದು, ಎಲ್ಲಾ ನಾನೇ. ಆದರೆ ಕ್ಯಾಮೆರಾ ಮಾತ್ರ ಮುಟ್ಟುವ ಹಾಗಿಲ್ಲ. ಅದು ಎರಡು ಕಣ್ಣಿನ ಕ್ಯಾಮೆರಾ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಇವರು ಅದನ್ನು ಒರೆಸುವಾಗ ನಾನು ಹತ್ತಿರ ಉಸಿರು ಬಿಟ್ಟರೂ ಗದರುತ್ತಿದ್ದರು.

ಲಂಕೆಗೆ ಹೊರಡುವ ಮುಂಚೆ ಸಿರಾದ ಒಬ್ಬ ಬಟ್ಟೆ ವ್ಯಾಪಾರಿ ಬಂದಿದ್ದರು. ಅವರ ತಾಯಿ ಹಜ್ ಯಾತ್ರೆಗೆ ಹೊರಡುವವರು, ಕಾಗದಪತ್ರಕ್ಕೆ ಮುಖದ ಫೋಟೋ ಆಗಬೇಕಿತ್ತು.

"ಅಮ್ಮೀಜಾನು ಹೊರಗಿನ ಗಂಡಸ್ರ ಎದುರಿಗೆ ಮುಖ ತೋರ್ಸಲ್ಲ ಸಾಬ್. ಭಾಭಿ ತೆಗೆದ್ರೆ ಆಗುತ್ತೆ. ನಮ್ಮ ಮೊಹಲ್ಲಾದಾಗೆ ಇನ್ನೂ ಸುಮಾರು ಹೆಂಗಸ್ರು ಕಾಯ್ತಾ ಅವ್ರೆ," ಎಂದರು.

"ಅವ್ಳಿಗೆ ಕ್ಯಾಮೆರಾ ಹಿಡಿಯಾಕೆ ಬರಲ್ಲ ಬುಡಿ ಸಾಹೇಬ್ರೇ," ಎಂದರು ಇವರು.

ಪರದೆಯ ಹಿಂದೆ ನಿಂತಿದ್ದ ನನಗೆ ಮೈಯೆಲ್ಲಾ ಉರಿದುಹೋಯಿತು. ಕೈಗೆ ಕೊಟ್ಟೇ ಇಲ್ಲ, ಬರುವುದಿಲ್ಲ ಎಂದು ಹೇಗೆ ಗೊತ್ತಾಯಿತು? ಆ ವ್ಯಾಪಾರಿ, "ಸಿಲೋನಿಂದ ವಾಪಸ್ ಬನ್ನಿ, ಆಮೇಲೆ ಇನ್ನೊಂದು ಸಲ ಕೇಳ್ತೀನಿ," ಎಂದು ಹೇಳಿ ಹೋದರು. ಅವರು ಅತ್ತ ಹೋಗುತ್ತಲೇ ನಾನು ಹೊರಗೆ ಬಂದು ಕೇಳಿಯೇಬಿಟ್ಟೆ.

"ಸಿಲೋನಲ್ಲಿ ಒಂದು ರೋಲು ನಂಗೆ ಕೊಡಿ. ಸರಿಯಾಗಿ ಬಂದ್ರೆ ಸಿರಾಕ್ಕೆ ನಾನು ಹೋಗ್ತೀನಿ."

"ನೋಡನ ಬುಡು."

ನಮ್ಮ ಮನೆಯಲ್ಲಿ "ನೋಡನ" ಎಂದರೆ ಇಲ್ಲ ಎಂದೇ ಲೆಕ್ಕ. ಆದರೂ ನಾನು ಆ ಒಂದು ಆಸೆಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಹೊರಟೆ.

ಹೊರಟದ್ದು ನನ್ನ ನಾದಿನಿ ಸರೋಜಳ ಮನೆಗೆ. ಅವಳ ಗಂಡ ಕ್ಯಾಂಡಿ ಊರಿನ ಒಂದು ಬಟ್ಟೆ ಅಂಗಡಿಯಲ್ಲಿ ಮ್ಯಾನೇಜರು. ಅವಳಿಗೆ ಗಂಡು ಮಗುವಾಗಿತ್ತು, ನಮ್ಮ ಅತ್ತೆಗೆ ಮೊಮ್ಮಗನನ್ನು ನೋಡಬೇಕಿತ್ತು. ಇವರಿಗೆ ನಿಜವಾದ ಜಲಪಾತದ ಫೋಟೋ, ಸಮುದ್ರದ ಹಕ್ಕಿಗಳ ಫೋಟೋ ಬೇಕಿತ್ತು. ನಮ್ಮ ಮಧುಗಿರಿ ಬೆಟ್ಟ ಒಂದೇ ಬಂಡೆ. ಜೋರು ಮಳೆ ಹೊಡೆದಾಗ ಅದರ ಮೈಮೇಲೆ ನೀರು ಬೆಳ್ಳಗೆ ಇಳಿಯುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲಾ ಒಣಗಿ ಹೋಗುತ್ತದೆ. ಅದನ್ನೇ ಜಲಪಾತ ಅಂದುಕೊಂಡು ಬೆಳೆದವರು ನಾವು.

ನಮ್ಮ ಅತ್ತೆಯ ತವರು ನಾಗಲಮಡಿಕೆ ಕಡೆ. ಅರ್ಧ ಕನ್ನಡ, ಅರ್ಧ ತೆಲುಗು. ಪಾಸ್‌ಪೋರ್ಟಿಗೆಂದು ಮಗ ತೆಗೆದ ಎದೆಮಟ್ಟದ ಫೋಟೋ ನೋಡಿ ಅವರು ಹೌಹಾರಿದ್ದರು. "ಏಮಿರಾ ಇದಿ, ಅರ್ಧನೇ ತೆಗ್ದಿದೀಯಾ! ಅರ್ಧ ಹೆಂಗ್ಸು ಹೋದ್ರೆ ಆ ದೇಶದೋರು ಒಳಕ್ಕೆ ಬುಡ್ತಾರಾ?" ಎಂದು ಕೇಳಿದ್ದರು.

ಅಂಥ ತಾಯಿಯನ್ನು ಪರದೇಶದ ಬೆಟ್ಟದ ಮೇಲೆ ನಿಲ್ಲಿಸಿ ಫೋಟೋ ತೆಗೆಯಲು ಇವರಿಗೆ ಮನಸ್ಸಾಗಲಿಲ್ಲ. "ಅಲ್ಲಿ ಕುರ್ಚಿ ಎಲ್ಲಿ ಹುಡುಕ್ಲಿ?" ಎಂದು ಶಾಮಿಯಾನದವರ ಹತ್ತಿರ ಒಂದು ಕುರ್ಚಿ ಕೇಳಿ ತಂದರು. ಅದರ ಬೆನ್ನಿಗೆ ಕೆಂಪು ಬಣ್ಣದಲ್ಲಿ ಶಾಮಿಯಾನ ಅಂಗಡಿಯ ಹೆಸರು ಬರೆದಿತ್ತು. ಮದುವೆ ಕಾಲ ಶುರುವಾಗುವ ಮುಂಚೆ ವಾಪಸ್ ಕೊಡಬೇಕು ಎಂಬ ಷರತ್ತು ಬೇರೆ.

ತಲೈಮನ್ನಾರ್

ರಾಮೇಶ್ವರದಿಂದ ಹಡಗು. ಸಮುದ್ರ ನೋಡಿ ಅತ್ತೆ ಕೈಮುಗಿದರು, ಆಮೇಲೆ ಪುಳಿಯೋಗರೆ ಬಿಚ್ಚಿದರು. ಪಕ್ಕದಲ್ಲಿದ್ದವರೆಲ್ಲಾ ವಾಂತಿ ಮಾಡುತ್ತಿದ್ದರೂ ಅವರ ಕೈಬಾಯಿ ನಿಲ್ಲಲಿಲ್ಲ. "ಬಂಡಿ ಮೇಲೆ ಪಾವಗಡಕ್ಕೆ ಹೋದಂಗೈತೆ," ಎಂದರು.

ಆಚೆ ದಡ ತಲೈಮನ್ನಾರ್. ಅಲ್ಲಿ ಸುಂಕದ ಅಧಿಕಾರಿ ನಮ್ಮ ಟ್ರಂಕು, ಹಿಟ್ಟಿನ ಚೀಲ ಎಲ್ಲಾ ಬಿಟ್ಟು ಕುರ್ಚಿಯನ್ನೇ ಹಿಡಿದುಕೊಂಡ. ಮಡಚಿದ, ಬಿಚ್ಚಿದ, ತಲೆಕೆಳಗೆ ಮಾಡಿದ. ಕಾಲಿನ ಕೊಳವೆಯೊಳಗೆ ಚಿನ್ನ ಇಟ್ಟಿದ್ದೇವೆಯೇ ಎಂದು ಪೆನ್ಸಿಲಿನಿಂದ ಬಡಿದು ಬಡಿದು ನೋಡಿದ. ಬೆನ್ನಿನ ಕೆಂಪು ಅಕ್ಷರ ತೋರಿಸಿ ಇದು ಯಾವ ಸಂಘ ಎಂದು ಕೇಳಿದ. ಇವರ ಇಂಗ್ಲಿಷು ಅಂಥ ಹೊತ್ತಿನಲ್ಲೇ ಕೈಕೊಡುವುದು.

"ಮದರ್. ಸಿಟ್ಟಿಂಗ್. ಫೋಟೋ," ಎಂದರು.

ಅವನಿಗೆ ಏನೂ ತಿಳಿಯಲಿಲ್ಲ. ಕುರ್ಚಿ ಬಿಚ್ಚಿಟ್ಟು ಅತ್ತೆಗೆ ಕೂರಲು ಸನ್ನೆ ಮಾಡಿದ. ಅತ್ತೆ ಕೂತರು. ಕೂತವರೇ ಸೆರಗು ಹೊದ್ದು, ಎರಡೂ ಅಂಗೈ ಮೊಣಕಾಲ ಮೇಲಿಟ್ಟು, ಗದ್ದ ಎತ್ತಿ, ಉಸಿರು ಬಿಗಿಹಿಡಿದು ಅಧಿಕಾರಿಯ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡತೊಡಗಿದರು. ಕುರ್ಚಿ ಎಂದರೆ ಫೋಟೋ, ಫೋಟೋ ಎಂದರೆ ಅಲುಗಬಾರದು, ಅಷ್ಟೇ ಅವರಿಗೆ ಗೊತ್ತು. ಆ ಮನುಷ್ಯ ಒಂದು ಗಳಿಗೆ ಬೆಪ್ಪಾಗಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸೀಮೆಸುಣ್ಣದಲ್ಲಿ ಕುರ್ಚಿಗೂ ಒಂದು ಗುರುತು ಹಾಕಿ ಬಿಟ್ಟುಬಿಟ್ಟ.

ರಂಬೊಡ

ಕ್ಯಾಂಡಿ ಸೇರಿದ ಮೇಲೆ, ಜಲಪಾತ ನೋಡಲೆಂದು ಸರೋಜಳ ಗಂಡ ಒಂದು ವ್ಯಾನು ಗೊತ್ತು ಮಾಡಿದ್ದರು. ಅಂಗಡಿ ಬಿಟ್ಟು ಬರಲು ಅವರಿಗೆ ಆಗಲಿಲ್ಲ. ಅತ್ತೆ, ಸರೋಜ, ಅವಳ ಕೂಸು, ನಾವಿಬ್ಬರು, ಕುರ್ಚಿ, ಇಷ್ಟು ಜನ ಹೊರಟೆವು. ಕುರ್ಚಿಯನ್ನೂ ಜನದಲ್ಲೇ ಸೇರಿಸುತ್ತೇನೆ, ಅದಕ್ಕೂ ಒಂದು ಸೀಟು ಬೇಕಾಗುತ್ತಿತ್ತು. ಡ್ರೈವರ್ ಸುಮನಪಾಲ ಸಿಂಹಳದವನು, ಚೂರುಪಾರು ತಮಿಳು ಬರುತ್ತಿತ್ತು. ಅತ್ತೆ ಅವನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಅವನು ಸಿಂಹಳದಲ್ಲಿ ಉತ್ತರ ಕೊಡುತ್ತಿದ್ದ. ದಾರಿಯುದ್ದಕ್ಕೂ ಇಬ್ಬರಿಗೂ ಮಾತಿಗೆ ಬರವಿರಲಿಲ್ಲ.

ಅಲ್ಲಿಯವರು ಟೀಗೆ ಸಕ್ಕರೆ ಹಾಕುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು, ಒಂದು ಸಲ ಅದನ್ನು ಕಚ್ಚಿ ಒಂದು ಗುಟುಕು ಕಪ್ಪು ಟೀ ಕುಡಿಯುತ್ತಾರೆ. ನಮ್ಮಲ್ಲಿ ನೆಂಟರಿಗೆ ಹಾಗೆ ಕೊಟ್ಟರೆ ಸಂಬಂಧ ಮುರಿದುಬೀಳುತ್ತದೆ. ಆದರೆ ಆ ಚಳಿಗೆ ಅದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ರಂಬೊಡದ ಜಲಪಾತ ರಸ್ತೆ ತಿರುವಿನಲ್ಲೇ ಕಾಣಿಸಿತು. ಅಬ್ಬಾ! ಅಷ್ಟೊಂದು ನೀರು ಯಾರಿಗೂ ಬೇಡವಾಗಿ ಸುಮ್ಮನೆ ಬೀಳುತ್ತಿದೆಯಲ್ಲಾ ಎಂದು ಹೊಟ್ಟೆ ಉರಿಯಿತು. ನಮ್ಮ ಕಡೆ ಇದರಲ್ಲಿ ನಾಲ್ಕಾಣೆ ಭಾಗ ಬಿದ್ದಿದ್ದರೂ ಸಾಕಿತ್ತು. ಅತ್ತೆ ಮಾತ್ರ, "ಶಬ್ದ ಜಾಸ್ತಿ," ಎಂದರು.

ಇವರು ಕುರ್ಚಿ ಬಿಚ್ಚಿದರು. ಅತ್ತೆಯನ್ನು ಕೂರಿಸಿ, ಮಡಿಲಿಗೆ ಕೂಸು ಕೊಟ್ಟು, ಸರೋಜಳನ್ನು ಎಡಕ್ಕೆ, ನನ್ನನ್ನು ಬಲಕ್ಕೆ ನಿಲ್ಲಿಸಿದರು. "ಗದ್ದ ಕೆಳಗೆ. ಕೈ ಸಡಿಲ ಬುಡು. ಕದಲ್ಬ್ಯಾಡಿ." ಕೂಸು ಅತ್ತಿತು. ಸಮಾಧಾನ ಮಾಡಿದೆವು. ಕುರ್ಚಿ ವಾಲಿತ್ತು, ಕಾಲಿನಡಿ ಕಲ್ಲು ಕೊಟ್ಟರು. ಅಷ್ಟರಲ್ಲಿ ಮೇಲಿಂದ ಮಂಜು ಇಳಿದು ಜಲಪಾತವನ್ನು ಗುಳುಂ ಮಾಡಿತು. ಮಂಜು ಸರಿದಾಗ ಕೂಸು ಮತ್ತೆ ಅತ್ತಿತು. ಕಡೆಗೆ ಬೆಳ್ಳನೆಯ ಗೋಡೆಯ ಮುಂದೆ ಕೂತಂತೆ ಒಂದು ಫೋಟೋ ಆಯಿತು. ಅದನ್ನು ತೆಗೆಯಲು ಸ್ಟುಡಿಯೋ ಸಾಕಾಗಿತ್ತು.

ನಮ್ಮ ಪಕ್ಕದಲ್ಲೇ ಆ ದೇಶದ ಒಂದು ಕುಟುಂಬ ನೀರಿನ ಕಡೆ ಮುಖ ಮಾಡಿ ನಿಂತಿತ್ತು. ಅವರ ಪೈಕಿ ಒಬ್ಬ ಹಿಂದಿನಿಂದಲೇ ಫೋಟೋ ತೆಗೆದ. ಇವರಿಗೆ ತಡೆಯಲಾಗಲಿಲ್ಲ.

"ಅಲ್ಲ ಕಣೇ, ಬೆನ್ನು ತೋರ್ಸ್ಕಂಡು ಫೋಟೋ ತೆಗೆಸ್ಕತಾರಲ್ಲ! ನಾಳೆ ದಿನ ಯಾರು ಯಾರು ಅಂತ ಹೆಂಗೆ ಗೊತ್ತಾಗದು?"

"ಅವ್ರು ನೀರು ನೋಡಾಕೆ ಬಂದವ್ರೆ," ಎಂದೆ. ಇವರು ಕೇಳಿಸಿಕೊಳ್ಳಲಿಲ್ಲ.

ದಿಯಲುಮ

ದಿಯಲುಮ ಇನ್ನೂ ಎತ್ತರ. ತೆಳ್ಳಗೆ, ಉದ್ದಕ್ಕೆ, ಬಂಡೆಯ ತುದಿಯಿಂದ ಬುಡದವರೆಗೆ ಒಂದೇ ಎಳೆ. ಆ ಬಂಡೆ ನೋಡಿ ನನಗೆ ನಮ್ಮ ಬೆಟ್ಟವೇ ನೆನಪಾಯಿತು. ಆ ದಿನ ಮಂಜಿರಲಿಲ್ಲ, ಕೂಸು ನಿದ್ದೆ ಮಾಡಿತ್ತು. ಎಲ್ಲಾ ಸರಿಯಾಗಿತ್ತು. ಇವರು ಕ್ಯಾಮೆರಾದೊಳಗೆ ಬಗ್ಗಿದಾಗ ಅತ್ತೆ ಕೈ ಎತ್ತಿದರು.

"ಲೇ ನಾಗಾ, ನಿಲ್ಸೋ. ಊರ್ನೋರ ಮನೆ ಗೋಡೆ ಮ್ಯಾಗೆಲ್ಲಾ ನೀನು ತೆಗ್ದಿರೋ ಫೋಟೋ ಐತೆ. ನಮ್ಮನೆ ಗೋಡೆ ಮ್ಯಾಗೆ ನೀನೇ ಇಲ್ಲ. ನಾನು ಸತ್ತ ಮ್ಯಾಕೆ ಎವರು ಚೂಡಾಲಿರಾ, ನಾವಿಬ್ರೂ ಒಟ್ಟಿಗಿದ್ದಿದ್ದು ಯಾರು ನೋಡ್ಬೇಕು? ನೀನೂ ಬಾ, ನನ್ನ ಹಿಂದೆ ನಿಂತ್ಕ."

ಮಾತು ನಿಜ. ಪಾಸ್‌ಪೋರ್ಟಿನ ಅರ್ಧ ಫೋಟೋ ಬಿಟ್ಟರೆ, ಮದುವೆಯಾದ ಮೇಲೆ ಇವರದೊಂದು ಫೋಟೋ ಇರಲಿಲ್ಲ. ಇವರ ಮುಖ ಸಣ್ಣದಾಯಿತು. ನಾನು ಮುಂದೆ ಹೋಗಿ ಕೈ ಚಾಚಿದೆ.

"ಕೊಡಿ ಇಲ್ಲಿ. ನಾನು ತೆಗಿತೀನಿ."

ಇವರು ನನ್ನ ಕೈ ನೋಡಿದರು. ಆಮೇಲೆ ಅದನ್ನು ದಾಟಿಕೊಂಡು ಹೋಗಿ ಸುಮನಪಾಲನ ಕೊರಳಿಗೆ ಕ್ಯಾಮೆರಾ ಹಾಕಿದರು! ಜನ್ಮದಲ್ಲಿ ಕ್ಯಾಮೆರಾ ಮುಟ್ಟದ ಆ ಡ್ರೈವರಿಗೆ ಇಲ್ಲಿ ನೋಡು, ಇದನ್ನು ಒತ್ತು, ಅಲುಗಬೇಡ ಎಂದು ಕೈಸನ್ನೆಯಲ್ಲಿ ಪಾಠ ಹೇಳಿದರು. ಅವನಿಗೆ ನಾಚಿಕೆ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ನನ್ನ ಕಡೆ ಕೈ ತೋರಿಸಿದ ಕೂಡ. ಇವರು ಬಿಡಲಿಲ್ಲ.

ನನಗೆ ಅಳು ಬಂತು. ಹದಿನೈದು ವರ್ಷ ಇವರ ಫಿಲಂ ತೊಳೆದ ಕೈ, ಎಲ್ಲಿ ಬೆಳಕು ಹೆಚ್ಚಾಗಿದೆ, ಎಲ್ಲಿ ಕೈ ನಡುಗಿದೆ ಎಂದು ನೆಗೆಟಿವ್ ಬೆಳಕಿಗೆ ಹಿಡಿದೇ ಹೇಳುವ ಕೈ, ಅದು ಬೇಡವಾಯಿತು. ದಾರಿಹೋಕನ ಕೈ ಆಗುತ್ತದೆ. ನಾನು ಸಾಲಿಗೆ ಹೋಗಿ ನಿಂತುಕೊಂಡೆ. ಫೋಟೋದಲ್ಲಿ ನಗು ಎಂದರು. ನಗಲಿಲ್ಲ.

ಅಲ್ಲಿಂದ ಸಮುದ್ರ ಕಾಣುವವರೆಗೂ ಇವರ ಜೊತೆ ಮಾತು ಬಿಟ್ಟೆ. "ಅತ್ತೆ, ನಿಮ್ಮ ಮಗನಿಗೆ ಇನ್ನೊಂದು ಚೂರು ಅನ್ನ ಬೇಕಾ ಕೇಳಿ," ಎನ್ನುತ್ತಿದ್ದೆ. ಅತ್ತೆಗೂ ಅರ್ಥವಾಗಿತ್ತು. "ಬೇಡ್ವಂತೆ," ಎಂದು ಕೇಳದೆಯೇ ಹೇಳಿಬಿಡುತ್ತಿದ್ದರು.

ಹಂಬನ್ತೋಟ

ದಕ್ಷಿಣದ ತುದಿಗೆ ಬಂದರೆ ಲೋಕವೇ ಬದಲಾಯಿತು. ಬಯಲು, ಜಾಲಿ, ಕೆಂಪು ಮಣ್ಣು, ಉರಿಬಿಸಿಲು. "ಇದೇನು, ಸುತ್ತಿ ಸುತ್ತಿ ಪಾವಗಡಕ್ಕೇ ಬಂದ್ವಲ್ಲ," ಎಂದರು ಅತ್ತೆ. ಪಾವಗಡದ ಪಕ್ಕದಲ್ಲಿ ಯಾರೋ ಸಮುದ್ರ ತಂದಿಟ್ಟಂತೆ ಇತ್ತು, ಅಷ್ಟೇ ವ್ಯತ್ಯಾಸ. ಸಮುದ್ರಕ್ಕೂ ರಸ್ತೆಗೂ ನಡುವೆ ಉಪ್ಪುನೀರಿನ ಕೆರೆಗಳು. ಅದರ ತುಂಬಾ ಹಕ್ಕಿಗಳು.

ಉದ್ದ ಕಾಲಿನ ರಾಜಹಂಸಗಳು ನೀರಿನಲ್ಲಿ ಕೊಕ್ಕು ತಲೆಕೆಳಗಾಗಿ ಇಟ್ಟು ಮೇಯುತ್ತಿದ್ದವು. ಅಷ್ಟೊಂದು ಹಕ್ಕಿ ಒಂದೇ ಕಡೆ ನಾನು ಕಂಡದ್ದು ಅದೇ ಮೊದಲು. ಇವರ ಕಣ್ಣು ಹೊಳೆಯಿತು. ನೇರ ಹೋಗಿ ಹಕ್ಕಿಯ ಫೋಟೋ ತೆಗೆದುಬಿಟ್ಟಿದ್ದರೆ ಮುಗಿದಿತ್ತು. ಇಲ್ಲ. ಕುರ್ಚಿ ಇಳಿಯಿತು.

"ಅವ್ವ ಕೂತಿರ್ಬೇಕು, ಹಿಂದ್ಗಡೆ ಹಕ್ಕಿ ಸಾಲಾಗಿ ಬರ್ಬೇಕು," ಎಂದು ಕೆರೆಯ ಅಂಚಿನಲ್ಲಿ, ಗಟ್ಟಿಯಾಗಿ ಕಂಡ ನೆಲದ ಮೇಲೆ ಅತ್ತೆಯನ್ನು ಕೂರಿಸಿದರು. ಸುಮನಪಾಲ ದೂರದಿಂದ ಏನೋ ಕೂಗುತ್ತಿದ್ದ. ಯಾರಿಗೂ ತಿಳಿಯಲಿಲ್ಲ. ಸರೋಜ ಕೂಸಿಗೆ ಬಿಸಿಲು ಎಂದು ವ್ಯಾನಿನಲ್ಲೇ ಇದ್ದಳು. ನಾನು ಇವರ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದೆ.

ಇವರು ಬಗ್ಗಿ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಕುರ್ಚಿಯ ಹಿಂದಿನ ಎರಡು ಕಾಲು ಮೆಲ್ಲಗೆ ಇಳಿಯತೊಡಗಿದವು. ಮೇಲೆ ಉಪ್ಪಿನ ಹೊಪ್ಪಳೆ, ಕೆಳಗೆಲ್ಲಾ ಕೆಸರು. ಅತ್ತೆ ಹಿಂದಕ್ಕೆ ವಾಲುತ್ತಿದ್ದರೂ ಬಾಯಿ ಬಿಡಲಿಲ್ಲ, ಕದಲಬೇಡ ಎಂದಿದ್ದನಲ್ಲ ಮಗ! ಗದ್ದ ಎತ್ತಿಕೊಂಡೇ ಆಕಾಶ ನೋಡತೊಡಗಿದರು.

"ಅತ್ತೆ ಬೀಳ್ತಾವ್ರೆ!" ಎಂದು ನಾನು ಕಿರುಚಿದೆ.

ಇವರು ಓಡಲು ಹೊರಟವರು ಕೊರಳ ಕ್ಯಾಮೆರಾ ನೆನಪಾಗಿ ನಿಂತರು. ಕೆಸರಿಗೆ ಬಿದ್ದರೆ ಅದರ ಕಥೆ ಮುಗಿಯಿತು. ಕೆಳಗಿಡಲು ಜಾಗವಿಲ್ಲ, ಸುಮನಪಾಲ ದೂರದಲ್ಲಿದ್ದಾನೆ, ಪಕ್ಕದಲ್ಲಿ ನಾನೊಬ್ಬಳೇ. ಪಟ್ಟಿ ತೆಗೆದು ನನ್ನ ಕೊರಳಿಗೆ ಹಾಕಿ ಓಡಿದರು. ಕುರ್ಚಿಯ ಹಿಂದೆ ಹೋಗಿ ಅದರ ಬೆನ್ನು ಹಿಡಿದರು. ಹಿಡಿದವರೇ ಮೊಣಕಾಲವರೆಗೆ ಹೂತುಹೋದರು. ಅತ್ತೆ ನೆಟ್ಟಗಾದರು, ಮಗ ಕುಳ್ಳಗಾದರು.

ಆಗ ಪಕ್ಕದ ಪೊದೆಯಿಂದ ಒಂದು ಉಡ ಬಂತು. ನಮ್ಮ ಬೆಟ್ಟದ ಉಡ ಮೊಳದುದ್ದ ಇದ್ದರೆ ದೊಡ್ಡದು. ಇದು ಬೆಂಚಿನಷ್ಟು ಉದ್ದವಿತ್ತು. ನಾಲಿಗೆ ಚಾಚುತ್ತಾ, ಯಾರ ಹಂಗೂ ಇಲ್ಲದವರ ಹಾಗೆ ಕುರ್ಚಿಯ ಕಡೆಗೇ ನಡೆಯಿತು. ಅತ್ತೆ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡು, "ಓರಿ ದೇವುಡಾ! ಮೊಸಳಿರಾ ನಾಗಾ!" ಎಂದು ಕಿರುಚಿದರು. ಆ ಕೂಗಿಗೆ ಕೆರೆಯ ಹಕ್ಕಿಗಳೆಲ್ಲಾ ಒಂದೇ ಸಲ ಎದ್ದವು.

ನಾನು ಬಗ್ಗಿ ನೋಡಿದೆ. ಕ್ಯಾಮೆರಾದ ಗಾಜಿನ ಮೇಲೆ ಅತ್ತೆ, ಅತ್ತೆಯ ಹಿಂದೆ ಮಗ, ಮಗನ ಹಿಂದೆ ಆಕಾಶದ ತುಂಬಾ ರೆಕ್ಕೆ. ಬೆಳಕು ನೋಡಿಕೊಂಡೆ.

"ಏಯ್! ಫಿಲಂ ಹಾಳು ಮಾಡ್ಬ್ಯಾಡ್ವೇ!" ಕೆಸರಿನಲ್ಲಿ ಮುಳುಗುತ್ತಿದ್ದಾಗಲೂ ಈ ಮನುಷ್ಯನಿಗೆ ಅದೇ ಚಿಂತೆ.

"ಕದಲ್ಬ್ಯಾಡಿ!" ಎಂದೆ.

ಇಬ್ಬರೂ ಅಲುಗಲಿಲ್ಲ. ಒತ್ತಿದೆ. ಫಿಲಂ ತಿರುಗಿಸಿದೆ, ಮತ್ತೆ ಒತ್ತಿದೆ. ರೋಲು ಮುಗಿಯುವವರೆಗೂ ಒತ್ತಿದೆ. ಆಮೇಲೆ ಸುಮನಪಾಲ ಬಂದು ಇಬ್ಬರನ್ನೂ ಎಳೆದು ಹಾಕಿದ. ಉಡ ತನ್ನ ಪಾಡಿಗೆ ತಾನು ನೀರಿಗೆ ಇಳಿಯಿತು. ಇವರು ಒಂದು ಚಪ್ಪಲಿ ಕಳೆದುಕೊಂಡಿದ್ದರು. ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡರು.

ಮತ್ತೆ ಮಧುಗಿರಿ

ಊರಿಗೆ ಬಂದು ಕುರ್ಚಿಯ ಕೆಸರು ಕೆರೆದು ವಾಪಸ್ ಕೊಟ್ಟಾಯಿತು. ಫಿಲಂ ತೊಳೆಯಲು ಕೂತೆ. ಇವರು ಯಾವತ್ತೂ ಕತ್ತಲೆ ಕೋಣೆಗೆ ಬರುವವರಲ್ಲ, ಅವತ್ತು ಬಂದು ಬಾಗಿಲ ಹತ್ತಿರ ನಿಂತರು.

ರಂಬೊಡ ಬರೀ ಬಿಳುಪು. ದಿಯಲುಮದಲ್ಲಿ ಸುಮನಪಾಲ ನಮ್ಮೆಲ್ಲರ ತಲೆ ಕತ್ತರಿಸಿದ್ದ, ಜಲಪಾತ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ನನ್ನವುಗಳಲ್ಲಿ ಎರಡು ಅಲುಗಿದ್ದವು. ಒಂದು ಅಲುಗಿರಲಿಲ್ಲ. ಕೆಂಪು ದೀಪದ ಕೆಳಗೆ ಪ್ರಿಂಟು ಮೂಡಿ ಬರುತ್ತಾ ಮೊದಲು ಕುರ್ಚಿ, ಆಮೇಲೆ ಅತ್ತೆಯ ತೆರೆದ ಬಾಯಿ, ಆಮೇಲೆ ಇವರ ಗಾಬರಿ ಮುಖ, ಕಡೆಗೆ ಮೇಲೆಲ್ಲಾ ಹಕ್ಕಿಗಳು ಬಂದವು. ಒಂದೊಂದು ರೆಕ್ಕೆಯ ಅಂಚೂ ಬೇರೆ ಬೇರೆ ಕಾಣುತ್ತಿತ್ತು. ಇಂಥದ್ದು ನಮ್ಮ ಸ್ಟುಡಿಯೋದಿಂದ ಯಾವತ್ತೂ ಬಂದಿರಲಿಲ್ಲ. ಅದು ಇವರಿಗೂ ಗೊತ್ತಾಯಿತು.

ಪ್ರಿಂಟಿನ ಮೇಲೆ ಬಗ್ಗಿ ನೋಡಿ ಇವರು ಹೇಳಿದರು: "ಚೆನ್ನಾಗೈತೆ. ನನ್ನ ಬುಟ್ಟು ಪ್ರಿಂಟ್ ಹಾಕು. ಅವ್ವ, ಹಕ್ಕಿ ಅಷ್ಟೇ ಸಾಕು. ಶೋಕೇಸಿಗೆ ಇಡನ."

ಇವರ ಹುನ್ನಾರ ನನಗೆ ತಕ್ಷಣ ತಿಳಿಯಿತು. ಇವರು ಫೋಟೋದಲ್ಲಿ ಇಲ್ಲದಿದ್ದರೆ ತೆಗೆದವರು ಇವರೇ ಎಂದಾಗುತ್ತದೆ. ಆ ಸ್ಟುಡಿಯೋದಲ್ಲಿ ಬೇರೆ ಯಾರು ತೆಗೆಯುತ್ತಾರೆ?

"ಬಿಡಲ್ಲ," ಎಂದೆ. "ನಿಮ್ಮನ್ನ ಬಿಟ್ಟರೆ ತೆಗೆದೋಳು ನಾನು ಅನ್ನೋದೂ ಹೋಗುತ್ತೆ."

ಜಗಳ ಜೋರಾಯಿತು. ನಡುಮನೆಯಿಂದ ಅತ್ತೆ ಎದ್ದು ಬಂದು ಒದ್ದೆ ಪ್ರಿಂಟನ್ನು ಬೆಳಕಿಗೆ ಹಿಡಿದರು. ಕಣ್ಣಿಗೆ ಹತ್ತಿರ ತಂದು ಮಗನ ಮುಖದ ಮೇಲೆ ಬೆರಳಾಡಿಸಿದರು.

"ನಾ ಕೊಡುಕು," ಎಂದರು, ನನ್ನ ಮಗ ಎಂದು. "ನನ್ನ ಹಿಂದೆ ನಿಂತವ್ನೆ. ಇದೊಂದ್ರಾಗೇ ಇರೋದು ಇವ್ನು. ಯಾವನ್ಲಾ ಕತ್ತರಿಸೋನು? ಮೊದ್ಲು ನನ್ನ ಕತ್ತರಿಸ್ಲಾ!"

ಇವರು ತಲೆ ತಗ್ಗಿಸಿದರು. ಒಂದು ಪ್ರಿಂಟು ಅತ್ತೆಯ ಗೋಡೆಗೆ ಹೋಯಿತು, ದೊಡ್ಡದೊಂದು ಶೋಕೇಸಿಗೆ. ಬಂದವರೆಲ್ಲಾ ನಿಂತು ನೋಡಿ ನಗುತ್ತಿದ್ದರು, ಲೊಚಗುಟ್ಟುತ್ತಿದ್ದರು, ಇವರು ಲೆಕ್ಕದ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದರು. ಯಾರು ತೆಗೆದದ್ದು ಎಂದು ಯಾರೂ ಕೇಳಲಿಲ್ಲ. ಒಳಗೆ ನಾನು ದಿನಾ ಕಿವಿಗೊಟ್ಟು ಕಾಯುತ್ತಿದ್ದೆ.

ಸಿರಾದ ವ್ಯಾಪಾರಿ ಹೇಳಿದ್ದಂತೆ ಬಂದರು. ಅವರೂ ಶೋಕೇಸಿನ ಮುಂದೆ ನಿಂತರು.

"ಕ್ಯಾ ಫೋಟೋ ಹೈ ಸಾಬ್! ಈ ಕೆಸ್ರಾಗೆ ಇರೋದು ನೀವೇನಾ?"

"ಹೂಂ, ನಾನೇ."

"ನೀವು ಇಲ್ಲಿ ಇದ್ರೆ ಕ್ಯಾಮೆರಾ ಹಿಡ್ಕೊಂಡಿದ್ದು ಯಾರು?"

ನಾನು ಕೈಯಲ್ಲಿದ್ದ ಪ್ರಿಂಟನ್ನು ನೀರಿಗೆ ಬಿಟ್ಟು ಉಸಿರು ಹಿಡಿದೆ. ಇವರು ಕೆಮ್ಮಿದರು. ಕುರ್ಚಿ ಸರಿಸಿದರು. ಮತ್ತೆ ಕೆಮ್ಮಿದರು.

"ನಮ್ಮನೆಯೋಳು," ಎಂದರು.

"ಭಾಭಿನಾ? ಮತ್ತೆ ಕ್ಯಾಮೆರಾ ಹಿಡಿಯಾಕೆ ಬರಲ್ಲ ಅಂದ್ರಿ?"

ಇವರು ಪರದೆಯ ಕಡೆ ತಿರುಗಿ ಕೂಗಿದರು.

"ಏನೇ, ಬಾ ಇಲ್ಲಿ. ಸಾಹೇಬ್ರು ಸಿರಾಕ್ಕೆ ಯಾವತ್ತು ಬರ್ತೀಯಾ ಅಂತ ಕೇಳ್ತಾವ್ರೆ. ನಂಗೇನು ಗೊತ್ತು, ನೀನೇ ಹೇಳು."

ಸಾಹೇಬರು ಹಾಗೆ ಕೇಳಿಯೇ ಇರಲಿಲ್ಲ. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ.

"ನಾಳೆ," ಎಂದೆ. "ಮೊದಲನೇ ಬಸ್ಸಿಗೆ."